ಕೆಂಚ ಇಲ್ಲದ ಮನೆ

ನಮ್ಮ ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಕಂದುಬಣ್ಣದ ಜಿಡ್ಡಿನ ಗೆರೆಯೊಂದಿದೆ. ಹದಿಮೂರು ವರ್ಷ ಕೆಂಚ ಒಳಗೆ ಹೋಗುವಾಗ, ಹೊರಗೆ ಬರುವಾಗ ಮೈ ಉಜ್ಜಿಕೊಂಡು ಹೋದ ಗುರುತು ಅದು. ಅವನಿದ್ದಾಗ ಪ್ರತಿ ಹಬ್ಬಕ್ಕೂ ಸೋಪಿನ ನೀರು ಹಾಕಿ ತಿಕ್ಕುತ್ತಿದ್ದೆವು. ವಾರ ಕಳೆಯುವುದರೊಳಗೆ ಮತ್ತೆ ಮೂಡುತ್ತಿತ್ತು. ಅವನು ಹೋದ ಮಾರನೆಯ ದಿನ ನಾನು ಬಕೆಟ್ಟು, ಬ್ರಷ್ಷು ಹಿಡಿದು ಇಡೀ ಮನೆಯನ್ನು ತೊಳೆಯಲು ನಿಂತೆ. ಅವನ ಹೊದಿಕೆ, ಗೋಣಿತಾಟು, ಎರಡು ತಟ್ಟೆ, ಚೈನು, ಬೆಲ್ಟು ಎಲ್ಲವನ್ನೂ ಒಂದು ಚೀಲಕ್ಕೆ ತುರುಕಿ ಗೇಟಿನ ಬಳಿ ಇಟ್ಟೆ. ಸುಮ್ಮನೆ ನೋಡುತ್ತಿದ್ದ ಅಮ್ಮ, ನಾನು ಆ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಾಗ ಮಾತ್ರ, "ಅದೊಂದು ಬಿಟ್ಬಿಡೇ" ಅಂದಳು.

ಗೆರೆ ಉಳಿಯಿತು. ಚೀಲ ಕಸದ ಗಾಡಿಗೆ ಹೋಯಿತು. ಮೂರನೆಯ ರಾತ್ರಿ ಆ ಗೋಣಿತಾಟಿನ ವಾಸನೆ ಬೇಕೆನ್ನಿಸಿ ಎದ್ದು ಕೂತೆ. ಮನೆಯಲ್ಲಿ ಅವನದೆನ್ನುವ ಒಂದು ತುಂಡು ಬಟ್ಟೆಯೂ ಇರಲಿಲ್ಲ. ಸಿಗುವುದಿಲ್ಲ ಅಂತ ಗೊತ್ತಿದ್ದೂ ಮಂಚದಡಿ ಟಾರ್ಚು ಬಿಟ್ಟು ಹುಡುಕಿದೆ. ಆ ಚೀಲವನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ದಿನ ಬಂದಿದ್ದರೆ, ಅಥವಾ ಮೂಲೆಯಲ್ಲಿ ಮಲಗಿರುವ ಮುದಿ ಜೀವವೊಂದು ಬರಲಿರುವ ದಿನವನ್ನು ನೆನಪಿಸುತ್ತಿದ್ದರೆ, ಮುಂದಿನ ಮಾತು ನಿಮಗೆ.

ಮನೆಯಲ್ಲಿ ಮನುಷ್ಯರು ತೀರಿಕೊಂಡರೆ ಮುಂದೇನು ಅಂತ ಹೇಳಿಕೊಡಲು ಹತ್ತು ಜನ ಬರುತ್ತಾರೆ. ಒಲೆ ಯಾವಾಗ ಹಚ್ಚುವುದು, ದೀಪ ಎಲ್ಲಿಡುವುದು, ಬಟ್ಟೆ ಯಾರಿಗೆ ಕೊಡುವುದು, ಹನ್ನೊಂದಕ್ಕೇನು, ವರ್ಷಕ್ಕೇನು. ಬೇಡ ಅಂದರೂ ಬಿಡುವುದಿಲ್ಲ. ನಾಯಿ, ಬೆಕ್ಕು ಸತ್ತರೆ ಸೂತಕವಿಲ್ಲ, ರಜೆಯೂ ಇಲ್ಲ. ನಾನು ಆಫೀಸಿಗೆ ಜ್ವರ ಅಂತ ಮೆಸೇಜು ಹಾಕಿದ್ದೆ. ಎದುರು ಮನೆಯವರು "ಅಯ್ಯೋ ಪಾಪ" ಅಂದವರು, ಹಿಂದೆಯೇ "ನಮ್ಮಣ್ಣನ ಮನೇಲಿ ಮರಿ ಹಾಕಿದೆ, ಒಂದು ತರಿಸ್ಲಾ?" ಎಂದು ಕೇಳಿದರು. ಕೇಡಿಗೆ ಹೇಳಿದ್ದಲ್ಲ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು 1989ರಲ್ಲಿ ಸಂಪಾದಿಸಿದ ಪುಸ್ತಕವೊಂದರಲ್ಲಿ ಈ ಬಗೆಯ ಸಂಕಟಕ್ಕೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಹೇಳುವುದಾದರೆ, ಅಳುವ ಹಕ್ಕು ನಿನಗಿದೆ ಎಂದು ಸುತ್ತಲಿನವರು ಒಪ್ಪದ ದುಃಖ. ಸಾಕಿದ ಪ್ರಾಣಿಯ ಸಾವು ಆ ಲೆಕ್ಕಕ್ಕೇ ಸೇರುತ್ತದೆ. ಊರು ಶಾಸ್ತ್ರ ಹೇಳಿಕೊಡದ ಮೇಲೆ ಮನೆಯೊಳಗೆ ನಾವೇ ಒಂದಿಷ್ಟು ಮಾಡಿಕೊಳ್ಳಬೇಕು.

ಆ ದಿನಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟೇ. ದುಃಖ ಮನೆ ತುಂಬ ಒಂದೇ ಸಮ ಹರಡಿಕೊಂಡಿರುವುದಿಲ್ಲ, ಕೆಲವು ಜಾಗಗಳಲ್ಲಿ, ಕೆಲವು ಹೊತ್ತುಗಳಲ್ಲಿ ಗಂಟು ಕಟ್ಟಿಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಅದು ಗೇಟಿನ ಚಿಲಕದಲ್ಲಿತ್ತು, ಫ್ರಿಡ್ಜಿನ ಬಾಗಿಲಲ್ಲಿತ್ತು, ಕೊನೆಯ ರೊಟ್ಟಿಯಲ್ಲಿತ್ತು, ಬೆಳಗಿನ ಐದೂವರೆಯಲ್ಲಿತ್ತು. ಇಡೀ ಮನೆಯನ್ನು ತೊಳೆದು ಇವುಗಳಿಂದ ಪಾರಾಗಲು ಆಗುವುದಿಲ್ಲ. ಹಾಗಂತ ಎಲ್ಲವನ್ನೂ ಇದ್ದಂತೆಯೇ ಮುಟ್ಟದೆ ಇಟ್ಟರೂ ಕಷ್ಟವೇ. ಒಂದೊಂದೇ ಗಂಟನ್ನು ಹುಡುಕಿ ಸಡಿಲ ಮಾಡಬೇಕು.

ಮೊದಲ ದಿನ

ಮೊದಲ ದಿನದ ಕೆಲಸಗಳಿಗೆ ಮನಸ್ಸು ಬರುವುದಿಲ್ಲ, ಆದರೆ ತಡಮಾಡುವಂತಿಲ್ಲ. ನಮ್ಮ ಸೆಕೆಗೆ ಕೆಲವೇ ಗಂಟೆಗಳಲ್ಲಿ ದೇಹ ಕೆಡಲು ಶುರುವಾಗುತ್ತದೆ. ತಣ್ಣಗಿನ ನೆಲದ ಮೇಲೆ ಮಲಗಿಸಿ, ಕೆಳಗೆ ಹಳೆಯ ಟವೆಲ್ಲು ಹಾಸಿ, ಹೊಟ್ಟೆಯ ಸುತ್ತ ಐಸ್ ತುಂಬಿದ ಕವರು ಇಟ್ಟರೆ ಊರಿನಿಂದ ಬರಬೇಕಾದವರು ಬಂದು ನೋಡುವಷ್ಟು ಸಮಯ ಸಿಗುತ್ತದೆ. ಆ ಸಮಯದಲ್ಲಿ ಮಾಡಬೇಕಾದ್ದು ಒಂದಿದೆ, ನಾವು ಮಾಡದೆ ಕೆಟ್ಟೆವು. ಸ್ಟ್ಯಾಂಪ್ ಪ್ಯಾಡಿನ ಮೇಲೆ ಪಾದ ಒತ್ತಿ ಕಾಗದದ ಮೇಲೆ ಒಂದು ಅಚ್ಚು ತೆಗೆದುಕೊಳ್ಳಿ, ಕತ್ತಿನ ಹತ್ತಿರದ ಒಂದು ಚಿಟಿಕೆ ಕೂದಲು ಕತ್ತರಿಸಿಡಿ. ಆಮೇಲೆ ಬೇಡವೆನಿಸಿದರೆ ಬಿಸಾಡಬಹುದು. ಬೇಕೆನಿಸಿದರೆ ಇನ್ನೊಮ್ಮೆ ಸಿಗುವುದಿಲ್ಲ.

ಹಿತ್ತಲಲ್ಲಿ ಹೂಳುವುದಾದರೆ ಗುಂಡಿ ಕನಿಷ್ಠ ಮೂರು, ನಾಲ್ಕು ಅಡಿ ಆಳವಿರಲಿ. ಬಾವಿ, ಕೊಳವೆಬಾವಿ, ನೀರಿನ ಸಂಪಿನಿಂದ ದೂರವಿರಲಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಹತ್ತಿಯ ಪಂಚೆಯೋ ಸೀರೆಯೋ ಸಾಕು, ಮಣ್ಣಿಗೆ ಸೇರುತ್ತದೆ. ಪಶುವೈದ್ಯರು ಇಂಜೆಕ್ಷನ್ ಕೊಟ್ಟು ಕಳಿಸಿದ ಪ್ರಾಣಿಯಾದರೆ ಆಳದ ವಿಷಯದಲ್ಲಿ ರಾಜಿ ಬೇಡವೇ ಬೇಡ. ದಯಾಮರಣಕ್ಕೆ ಬಳಸುವ ಬಾರ್ಬಿಟ್ಯುರೇಟ್ ಔಷಧಿ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ, ಬೀದಿನಾಯಿಯೋ ಹದ್ದೋ ಕೆದಕಿ ತಿಂದರೆ ಅದಕ್ಕೂ ವಿಷವಾಗುತ್ತದೆ. ಜಾಗವಿಲ್ಲದ ಫ್ಲ್ಯಾಟಿನವರಿಗೆ ಬೆಂಗಳೂರಿನ ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರವಿದೆ, ಕೆಂಗೇರಿಯಲ್ಲಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ಸಾಕುಪ್ರಾಣಿ ಸ್ಮಶಾನವಿದೆ. ಹೊರಡುವ ಮುಂಚೆ ಫೋನ್ ಮಾಡಿ ತೆರೆದಿದೆಯೇ ಎಂದು ಕೇಳಿಕೊಳ್ಳಿ. ಬೇರೆ ಊರುಗಳಲ್ಲಿ ಪಶು ಆಸ್ಪತ್ರೆಯವರಿಗೇ ದಾರಿ ಗೊತ್ತಿರುತ್ತದೆ.

ಪ್ರಾಣಿ ಯಾವ ಕಾಯಿಲೆಯಿಂದ ಹೋಯಿತು ಎನ್ನುವುದರ ಮೇಲೆ ಮನೆಯನ್ನು ಎಷ್ಟು ತೊಳೆಯಬೇಕು ಎನ್ನುವುದು ನಿಂತಿದೆ. ಮುಪ್ಪು, ಕಿಡ್ನಿ, ಹೃದಯ, ಗೆಡ್ಡೆ, ಅಪಘಾತ, ಇವುಗಳಾದರೆ ಯಾವ ಅವಸರವೂ ಇಲ್ಲ. ಪಾರ್ವೊ ಬಂದು ಹೋದ ಮರಿಯಾದರೆ ಮಾತೇ ಬೇರೆ. ಆ ವೈರಸ್ಸು ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಬದುಕಿರುತ್ತದೆ. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯದ್ದೂ ಅದೇ ಕತೆ. ನಾವೆಲ್ಲ ನಂಬಿಕೊಂಡಿರುವ ಫಿನಾಯಿಲ್ ಇದಕ್ಕೆ ಸಾಲದು, ಮೇಲಾಗಿ ಬೆಕ್ಕುಗಳಿಗೆ ಅದು ವಿಷ. ಮೊದಲು ಗಲೀಜನ್ನೆಲ್ಲ ಸೋಪುನೀರಿನಲ್ಲಿ ತೊಳೆದು ತೆಗೆಯಬೇಕು. ಆಮೇಲೆ ಒಂದು ಪಾಲು ಮನೆಬಳಕೆಯ ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ನೆಲ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಜೊತೆಗೆ ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಎಂದೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ. ಲಸಿಕೆ ಪೂರ್ತಿಯಾಗದ ಹೊಸ ಮರಿ ಆ ಅಂಗಳಕ್ಕೆ ಕಾಲಿಡಬಾರದು.

ಸಾಯುವ ಮುಂಚೆ ನಡವಳಿಕೆ ಏಕಾಏಕಿ ಬದಲಾಗಿ, ಜೊಲ್ಲು ಸುರಿದು, ನುಂಗಲಾಗದೆ ಒದ್ದಾಡಿದ್ದರೆ ರೇಬಿಸ್ ಇರಬಹುದು. ಆಗ ಅಳು ಆಮೇಲೆ. ಕಚ್ಚಿಸಿಕೊಂಡವರು, ಪರಚಿಸಿಕೊಂಡವರು, ಗಾಯದ ಮೇಲೆ ಜೊಲ್ಲು ತಾಗಿಸಿಕೊಂಡವರು ಆ ಜಾಗವನ್ನು ಹದಿನೈದು ನಿಮಿಷ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.

ಚೀಲ ಗೇಟಿಗೆ ಹೋಗುವ ಮುಂಚೆ

ಸಾಮಾನುಗಳ ವಿಷಯದಲ್ಲಿ ನನ್ನ ಸಲಹೆ ಒಂದೇ: ಮೊದಲ ವಾರ ಏನನ್ನೂ ಎಸೆಯಬೇಡಿ. ಕಣ್ಣಿಗೆ ಬಿದ್ದರೆ ಸಂಕಟವಾಗುತ್ತದೆ ಅನ್ನುವುದನ್ನು ಒಂದು ಡಬ್ಬಿಗೆ ಹಾಕಿ ಅಟ್ಟಕ್ಕೇರಿಸಿ, ಅಷ್ಟೇ. ಹೊದೆಯುತ್ತಿದ್ದ ಬಟ್ಟೆಯ ಒಂದು ತುಂಡನ್ನು ಒಗೆಯದೆ ಗಾಳಿಯಾಡದ ಕವರಿನಲ್ಲಿ ಕಟ್ಟಿಡಿ. ವಾಸನೆ ಬೇಗ ಹೋಗಿಬಿಡುತ್ತದೆ, ಒಗೆದ ಮೇಲಂತೂ ಮತ್ತೆ ಬರುವುದಿಲ್ಲ. ಉಣ್ಣಿ ಹತ್ತಿದ್ದ ನಾಯಿಯಾದರೆ ಮಾತ್ರ ಈ ಮಾತು ಸಲ್ಲದು. ಹಾಸಿಗೆಯನ್ನು ಕುದಿಯುವ ನೀರಿಗೆ ಹಾಕಿ, ಗೋಡೆಯ ಸಂದುಗಳಿಗೆ ಔಷಧಿ ಹೊಡೆಸಿ. ನಾಯಿಯುಣ್ಣಿ ಏನೂ ತಿನ್ನದೆ ಸಂದಿಯಲ್ಲಿ ತಿಂಗಳುಗಟ್ಟಲೆ ಕೂತಿರಬಲ್ಲದು. ನಾಯಿ ಇಲ್ಲವಾದ ಮೇಲೆ ಅದಕ್ಕೆ ಸಿಗುವುದು ನಮ್ಮ ಕಾಲು.

ಮೊದಲ ವಾರವೇ ಮನೆಯಿಂದ ಹೊರಗೆ ಹೋಗಬೇಕಾದ್ದು ಔಷಧಿಗಳು. ಅಪಸ್ಮಾರಕ್ಕೆ ಕೊಡುತ್ತಿದ್ದ ಫಿನೋಬಾರ್ಬಿಟೋನ್, ನೋವಿನ ಮಾತ್ರೆ, ಇನ್ಸುಲಿನ್ನು, ಸೂಜಿಗಳು ಫ್ರಿಡ್ಜಿನ ಬಾಗಿಲಲ್ಲೋ ಟಿವಿ ಸ್ಟ್ಯಾಂಡಿನ ಮೇಲೋ ಉಳಿದುಬಿಟ್ಟಿರುತ್ತವೆ. ಮಕ್ಕಳಿರುವ ಮನೆಗೂ, ಮನಸ್ಸು ಕುಗ್ಗಿದವರಿರುವ ಮನೆಗೂ ಅವು ಒಳ್ಳೆಯದಲ್ಲ. ಪಶುವೈದ್ಯರಿಗೇ ವಾಪಸು ಕೊಡಿ. ನಮ್ಮ ಫ್ರಿಡ್ಜಿನಲ್ಲಿ ಕೆಂಚನ ಅರ್ಧ ಬಾಟಲಿ ಸಿರಪ್ಪು ಎಷ್ಟೋ ದಿನ ನಿಂತಿತ್ತು. ಹಾಲು ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅವನ ಕೊನೆಯ ವಾರ ಎದುರಿಗೆ ಬಂದು ನಿಲ್ಲುತ್ತಿತ್ತು. ಅದನ್ನು ತೆಗೆದ ದಿನ ಅಡುಗೆಮನೆಯ ಒಂದು ಗಂಟು ಬಿಚ್ಚಿತು. ಬೇಗ ತೆಗೆಯಬೇಕಾದ ನೆನಪು ಕಾಯಿಲೆಯದ್ದು. ಡ್ರಿಪ್ಪಿನ ಕಂಬ, ಡಯಾಪರಿನ ಪೊಟ್ಟಣ, ಪರೀಕ್ಷೆಯ ವರದಿ ಇವೆಲ್ಲ ಹೋಗಲಿ, ಚೆಂಡು ಇರಲಿ.

ಇನ್ನೊಂದು ಜಾಗ ಫೋನು. ಹೋದ ವರ್ಷ ಇದೇ ದಿನ ಅಂತ ಫೋಟೋ ಆ್ಯಪ್ ಬೆಳ್ಳಂಬೆಳಗ್ಗೆ ನಗುವ ಮುಖವನ್ನು ತಂದು ಎದುರಿಗಿಡುತ್ತದೆ. ಹಲವು ಆ್ಯಪ್‌ಗಳ ಸೆಟ್ಟಿಂಗಿನಲ್ಲಿ ಒಂದು ಅವಧಿಯ ಚಿತ್ರಗಳು ಹೀಗೆ ಮೇಲೆ ಬರದಂತೆ ತಡೆಯಬಹುದು, ಕೆಲವದರಲ್ಲಿ ಸಾಕುಪ್ರಾಣಿಯ ಮುಖವನ್ನೇ ಗುರುತಿಸಿ ಮರೆಮಾಡಬಹುದು. ಅಳಿಸುವುದು ಬೇಡ, ಸ್ವಲ್ಪ ಕಾಲ ತಡೆದರೆ ಸಾಕು. ತಿಂಗಳಿಗೊಮ್ಮೆ ತಾನಾಗಿ ಬರುವ ಆಹಾರದ ಆರ್ಡರನ್ನು ನಿಲ್ಲಿಸಿ. ಕ್ಲಿನಿಕ್ಕಿಗೆ ಫೋನ್ ಮಾಡಿ ದಾಖಲೆ ಸರಿಮಾಡಿಸಿ, ಇಲ್ಲದಿದ್ದರೆ ಆರು ತಿಂಗಳ ಮೇಲೆ "ನಿಮ್ಮ ಮುದ್ದಿನ ನಾಯಿಗೆ ಲಸಿಕೆಯ ಸಮಯ" ಅಂತ ಸಂದೇಶ ಬಂದು ಬಸ್ಸಿನ ನಡುವೆ ಕಣ್ಣೀರು ಬರಿಸುತ್ತದೆ. ಫೋನನ್ನು ಬೇರೆ ಯಾರಾದರೂ ಮಾಡಬಹುದು. ಏನಾದರೂ ಸಹಾಯ ಬೇಕಾ ಅಂತ ಕೇಳುವ ತಮ್ಮನಿಗೆ ಹೇಳಬಹುದಾದ ಸರಿಯಾದ ಕೆಲಸ ಇದು.

ಐದೂವರೆ

ಜಾಗಗಳಿಗಿಂತ ಹೊತ್ತುಗಳೇ ಹೆಚ್ಚು ಕಷ್ಟ. ಹದಿಮೂರು ವರ್ಷ ಐದೂವರೆಗೆ ಒದ್ದೆ ಮೂಗು ಅಂಗಾಲಿಗೆ ತಾಗಿ ಎಚ್ಚರವಾಗುತ್ತಿತ್ತು. ಅವನು ಹೋದ ಮೇಲೂ ಐದೂವರೆಗೇ ಎಚ್ಚರ. ಉಗುರಿನ ಟಕಟಕ ಕೇಳಿಸಿತು ಅಂತ ಎದ್ದು ಕೂತದ್ದೂ ಉಂಟು. ಇದನ್ನು ಹುಚ್ಚು ಎಂದುಕೊಳ್ಳಬೇಡಿ, ಹೀಗೆ ಕೇಳಿಸುವುದು, ಅಂಚಿನಲ್ಲಿ ಸುಳಿದಂತಾಗುವುದು ತೀರ ಸಾಮಾನ್ಯ. ಇಷ್ಟು ವರ್ಷ ಆ ಸದ್ದಿಗೆ ಕಾದ ಕಿವಿ ಒಂದೇ ದಿನಕ್ಕೆ ಕಾಯುವುದನ್ನು ಬಿಡುವುದಿಲ್ಲ.

ನಾನು ಮಾಡಿದ ಮೊದಲ ತಪ್ಪು ಮುಸುಕು ಹೊದ್ದು ಮಲಗಿದ್ದು. ಏಳು ಗಂಟೆಗೆ ಏಳುವಷ್ಟರಲ್ಲಿ ತಲೆ ಕಲ್ಲಾಗಿರುತ್ತಿತ್ತು, ರಾತ್ರಿ ನಿದ್ದೆ ಇನ್ನಷ್ಟು ಹಿಂದಕ್ಕೆ ಸರಿಯುತ್ತಿತ್ತು. ನಾಯಿ ಸಾಕಿದವರ ದೇಹ ತಮಗೇ ಗೊತ್ತಿಲ್ಲದೆ ಬೆಳಗಿನ ಬಿಸಿಲಿಗೂ ಅರ್ಧ ಗಂಟೆಯ ನಡಿಗೆಗೂ ಒಗ್ಗಿರುತ್ತದೆ. ನಾಯಿಯ ಜೊತೆಗೆ ಅವೆರಡೂ ನಿಂತುಹೋದರೆ ದುಃಖದ ಮೇಲೆ ನಿದ್ದೆಗೇಡೂ ಸೇರಿಕೊಳ್ಳುತ್ತದೆ. ಆದ್ದರಿಂದ ನಡಿಗೆಯನ್ನು ಬಿಡಬೇಡಿ, ದಾರಿ ಬದಲಿಸಿ. ನಾವು ಎಡಕ್ಕೆ ತಿರುಗುತ್ತಿದ್ದ ಕಡೆ ನಾನು ಬಲಕ್ಕೆ ತಿರುಗಿದೆ. ಎಡಗಡೆಯ ದಾರಿಯಲ್ಲಿ ಹೂವಿನವಳು, ಹಾಲಿನ ಬೂತಿನವರು, ಇಸ್ತ್ರಿಯವನು ಎಲ್ಲರೂ "ಎಲ್ಲಮ್ಮ ನಿಮ್ಮ ಕೆಂಚ?" ಅಂತ ಕೇಳುವವರೇ. ದಿನಕ್ಕೆ ಆರು ಸಲ ಅದಕ್ಕೆ ಉತ್ತರ ಹೇಳುವ ಶಕ್ತಿ ಮೊದಲ ವಾರ ಯಾರಿಗೂ ಇರುವುದಿಲ್ಲ. ಎರಡು ವಾರ ಬಿಟ್ಟು ಹಳೆಯ ದಾರಿಗೆ ಬಂದೆ. ಹೂವಿನವಳು ಕೇಳಿದಳು, ಹೇಳಿದೆ. ಅವಳು ಎರಡು ಮೊಳ ಹೂವಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಯ ನಿಶ್ಶಬ್ದಕ್ಕೆ ನಮ್ಮಲ್ಲಿ ಕೈಗೆ ಸಿಕ್ಕ ಮದ್ದು ರೇಡಿಯೋ. ಟಿವಿ ಹಾಕಿದರೆ ಕೂತು ನೋಡಬೇಕು, ರೇಡಿಯೋ ಸುಮ್ಮನೆ ಮನೆಯಲ್ಲಿ ಇನ್ನೊಬ್ಬರು ಓಡಾಡಿದ ಹಾಗಿರುತ್ತದೆ. ಮೈಸೂರಿನವಳಾಗಿ ಒಂದು ಮಾತು ಸೇರಿಸುವ ಆಸೆ: ನಮ್ಮೂರಲ್ಲಿ 1935ರಲ್ಲಿ ಆಕಾಶವಾಣಿ ಶುರುವಾದದ್ದು ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ, ಅವರು ಮನಃಶಾಸ್ತ್ರದ ಪ್ರಾಧ್ಯಾಪಕರು. ಅದಕ್ಕೂ ಇದಕ್ಕೂ ಸಂಬಂಧ ಹುಡುಕುವುದು ನನ್ನ ಚಪಲ, ಆದರೆ ಬೆಳಗಿನ ಸುಪ್ರಭಾತ ಆ ಐದೂವರೆಯನ್ನು ಸ್ವಲ್ಪ ಮೆತ್ತಗೆ ಮಾಡಿದ್ದು ನಿಜ.

ಊಟದ ಹೊತ್ತಿನದು ಅಮ್ಮನ ಗಂಟು. ರೊಟ್ಟಿ ತಟ್ಟುವಾಗ ಕೊನೆಯ ಹಿಟ್ಟಿನಲ್ಲಿ ಉಪ್ಪು ಹಾಕದ ಚಿಕ್ಕದೊಂದನ್ನು ಅವನಿಗೆ ಅಂತ ಮಾಡುತ್ತಿದ್ದಳು. ಅವನು ಹೋದ ಮೇಲೂ ಕೈ ಅದನ್ನು ಮಾಡಿತು. ತಟ್ಟೆಯಲ್ಲಿ ಆ ಪುಟ್ಟ ರೊಟ್ಟಿ ಆರುತ್ತ ಬಿದ್ದಿದ್ದನ್ನು ನೋಡಿ ನಾನು "ಇನ್ಮೇಲೆ ಮಾಡ್ಬೇಡಮ್ಮಾ" ಅಂದುಬಿಟ್ಟೆ. ಅನ್ನಬಾರದಿತ್ತು. ಅವಳು ಅದನ್ನು ಚೂರು ಮಾಡಿ ಕಾಂಪೌಂಡಿನ ಮೇಲೆ ಇಟ್ಟಳು. ಈಗ ಅಲ್ಲಿ ಕಾಗೆ, ಮೈನಾ, ಮಧ್ಯಾಹ್ನದ ಹೊತ್ತಿಗೆ ಒಂದು ಅಳಿಲು.

ಆತಕೂರಿನ ಕಾಳಿ

ನಾಯಿಗೆ ಸ್ಮಾರಕವೇ, ಇದೆಲ್ಲ ಈಗಿನ ಪೇಟೆಯವರ ಶೋಕಿ ಅನ್ನುವವರನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಕಲ್ಲೊಂದು ಅಲ್ಲಿದೆ. ಕ್ರಿ.ಶ. 949-50ರ ಶಾಸನ. ಗಂಗರ ಬೂತುಗನ ಕಡೆಯ ವೀರ ಮಣಲೇರ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದಾಗ, ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ಮೆಚ್ಚಿ, ಬೇಕಾದ್ದು ಕೇಳು ಅಂದ. ಮಣಲೇರ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೇರ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿದ, ಹಂದಿಯನ್ನು ಹಿಡಿದ ನಾಯಿಯನ್ನು ಅದರ ಮೇಲೆ ಕೆತ್ತಿಸಿದ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಾಸನದ ಕೊನೆಯ ಷರತ್ತು. ಆ ಭೂಮಿಯನ್ನು ಉಣ್ಣುವ ಗೊರವ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ಆ ನಾಯಿ ಮಾಡಿದ ಪಾಪ ಅವನಿಗೆ ತಟ್ಟುತ್ತದಂತೆ. ಮಣಲೇರ ಬರೀ ಕಲ್ಲು ನೆಟ್ಟು ಸುಮ್ಮನಾಗಲಿಲ್ಲ. ಕಾಳಿಗೆ ಒಂದು ಜಾಗ ಗೊತ್ತುಮಾಡಿದ, ಆ ಜಾಗಕ್ಕೆ ದಿನವೂ ಊಟಕ್ಕೆ ಮುಂಚಿನ ಒಂದು ಸಣ್ಣ ಕೆಲಸ ಅಂಟಿಸಿದ. ಸಾವಿರ ವರ್ಷದ ಹಿಂದಿನ ಈ ಉಪಾಯವನ್ನು ಹಾಗೇ ಎತ್ತಿಕೊಳ್ಳಬಹುದು. ಗೋಡೆಗೆ ದೊಡ್ಡ ಫೋಟೋ ಹಾಕಿಸಿ ಪ್ಲಾಸ್ಟಿಕ್ ಹಾರ ತೂಗುಬಿಟ್ಟರೆ ಮೂರು ತಿಂಗಳಲ್ಲಿ ಧೂಳು ಹಿಡಿದು, ಅದೇ ಇನ್ನೊಂದು ಸಂಕಟವಾಗುತ್ತದೆ. ಅದಕ್ಕಿಂತ ದಿನಾ ಕೈ ಬೇಡುವ ಗುರುತು ಒಳ್ಳೆಯದು. ನೀರು ಹಾಕಬೇಕಾದ ಗಿಡ, ಹಕ್ಕಿಗಳಿಗೆ ಮಣ್ಣಿನ ಬಟ್ಟಲಲ್ಲಿ ನೀರು, ಸಂಜೆ ಹಚ್ಚುವ ಒಂದು ಹಣತೆ.

ನಾವು ಕೆಂಚನ ಮೇಲೆ ಪಾರಿಜಾತ ನೆಟ್ಟೆವು. ಮಳೆಗಾಲ ಇಳಿಯುವ ಹೊತ್ತಿಗೆ ಬೆಳಗ್ಗೆ ಅದರಡಿ ಹೂ ಉದುರಿ ಹಾಸಿರುತ್ತದೆ, ಆಯ್ದುಕೊಂಡು ಬರುವುದೇ ಅಮ್ಮನ ಕೆಲಸ. ಚಿತಾಗಾರದಿಂದ ಬೂದಿ ತಂದವರು ಅದನ್ನು ನೇರವಾಗಿ ಕುಂಡಕ್ಕೆ ಸುರಿಯಬೇಡಿ. ಬೂದಿಯಲ್ಲಿ ಉಪ್ಪಿನಂಶವೂ ಕ್ಷಾರವೂ ಹೆಚ್ಚು, ಗಿಡದ ಬೇರು ಸುಟ್ಟುಹೋಗುತ್ತದೆ. ನೆನಪಿಗೆಂದು ನೆಟ್ಟ ಗಿಡ ಒಣಗುವುದನ್ನು ನೋಡುವ ಕಷ್ಟ ಯಾರಿಗೂ ಬೇಡ. ಒಂದು ಹಿಡಿ ಬೂದಿಯನ್ನು ಬುಟ್ಟಿ ತುಂಬ ಮಣ್ಣು, ಗೊಬ್ಬರದಲ್ಲಿ ಬೆರೆಸಿ, ಉಳಿದದ್ದನ್ನು ಹರಿಯುವ ನೀರಿಗೆ ಬಿಡಿ. ಮನೆಯಲ್ಲಿ ಬೇರೆ ಪ್ರಾಣಿಗಳಿದ್ದರೆ ಕಣಗಿಲೆ, ಸೈಕಾಸ್ ಬೇಡ, ಎರಡೂ ವಿಷ. ಬೆಕ್ಕಿರುವ ಮನೆಗೆ ಲಿಲ್ಲಿ ಹೂವನ್ನು ಒಳಗೇ ತರಬೇಡಿ. ಅದರ ಪರಾಗ ಮೈಗೆ ಹತ್ತಿ, ಬೆಕ್ಕು ನೆಕ್ಕಿಕೊಂಡರೂ ಕಿಡ್ನಿ ಹೋಗುತ್ತದೆ.

ಅವನು ಮಲಗುತ್ತಿದ್ದ ಮೂಲೆಯ ಬಗ್ಗೆಯೂ ಒಂದು ಮಾತು. ಖಾಲಿ ಬಿಟ್ಟರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಚಪ್ಪಲಿ ಸ್ಟ್ಯಾಂಡು ತಂದಿಟ್ಟರೆ ಮನಸ್ಸು ಒಪ್ಪುವುದಿಲ್ಲ. ಅಮ್ಮ ತನ್ನ ಬೆತ್ತದ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಲ್ಲಿ ಹಾಕಿಕೊಂಡಳು. "ಇಲ್ಲಿ ಗಾಳಿ ಚೆನ್ನಾಗಿ ಬರುತ್ತೆ ಕಣೇ, ಅದಕ್ಕೇ ಇಲ್ಲೇ ಬೀಳ್ತಿದ್ದ" ಅಂದಳು. ಹದಿಮೂರು ವರ್ಷದಲ್ಲಿ ನಮಗೆ ಅದು ಗೊತ್ತೇ ಆಗಿರಲಿಲ್ಲ.

ಮನೆಯಲ್ಲಿ ಉಳಿದವರು

ಎರಡನೆಯ ನಾಯಿಯೋ ಬೆಕ್ಕೋ ಇದ್ದರೆ ಅದು ಹುಡುಕುತ್ತದೆ. ಬಾಗಿಲ ಬಳಿ ಕೂರುತ್ತದೆ, ಹೋದವನ ಜಾಗ ಮೂಸುತ್ತದೆ, ಊಟ ಬಿಡುತ್ತದೆ, ಇಲ್ಲವೇ ನಿಮ್ಮ ಕಾಲಿಗೇ ಅಂಟಿಕೊಳ್ಳುತ್ತದೆ. ಸೋಂಕಿನ ಸಾವಲ್ಲದಿದ್ದರೆ ದೇಹವನ್ನು ಒಮ್ಮೆ ಮೂಸಲು ಬಿಡಿ ಎಂದು ಹಲವು ಪಶುವೈದ್ಯರು ಹೇಳುತ್ತಾರೆ. ಊಟ, ನಡಿಗೆಯ ಹೊತ್ತನ್ನು ಮಾತ್ರ ಒಂದಿಷ್ಟೂ ಕದಲಿಸಬೇಡಿ. ಬೆಕ್ಕು ಎರಡು ದಿನ ಏನನ್ನೂ ಮುಟ್ಟದಿದ್ದರೆ, "ಬೇಜಾರಲ್ಲಿದೆ, ತಾನೇ ತಿನ್ನುತ್ತೆ" ಅಂತ ಕಾಯುವುದು ಅಪಾಯ. ಉಪವಾಸವಿದ್ದ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಬರುತ್ತದೆ. ಆಸ್ಪತ್ರೆಗೆ ಒಯ್ಯಿರಿ.

ಮಕ್ಕಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಆದದ್ದು ಕೇಳಿ. ಅಣ್ಣನ ಐದು ವರ್ಷದ ಮಗಳು "ಕೆಂಚ ಎಲ್ಲಿ?" ಅಂದದ್ದಕ್ಕೆ ಅಣ್ಣ, "ಡಾಕ್ಟರ ಹತ್ರ ಇದಾನೆ ಪುಟ್ಟಿ" ಅಂದುಬಿಟ್ಟ. ತಿಂಗಳ ಮೇಲೆ ಅವಳಿಗೆ ಜ್ವರ ಬಂತು. ಡಾಕ್ಟರ ಹತ್ತಿರ ಹೋಗೋಣ ಅಂದರೆ ಮಂಚದ ಕಾಲು ತಬ್ಬಿಕೊಂಡು ಕೂತಳು. ಹೋದವರು ವಾಪಸು ಬರುವುದಿಲ್ಲ ಅಂತ ಅವಳೇ ಲೆಕ್ಕ ಹಾಕಿಕೊಂಡಿದ್ದಳು. ಊರಿಗೆ ಹೋಗಿದೆ, ಮಲಗಿದೆ, ದೇವರು ಕರೆದುಕೊಂಡ, ಇವೆಲ್ಲ ನಮಗೆ ಹಗುರ, ಮಗುವಿಗೆ ಭಾರ. ಐದಾರು ವರ್ಷದೊಳಗಿನ ಮಕ್ಕಳಿಗೆ ಸಾವು ತಿರುಗಿ ಬರಲಾಗದ ದಾರಿ ಎನ್ನುವುದು ತಿಳಿಯುವುದೇ ಕಷ್ಟ, ಅದಕ್ಕೇ ಕೇಳಿದ್ದನ್ನೇ ಕೇಳುತ್ತಿರುತ್ತಾರೆ. "ಕೆಂಚನಿಗೆ ತುಂಬಾ ವಯಸ್ಸಾಗಿತ್ತು, ಕಾಯಿಲೆಯಾಗಿತ್ತು, ಸತ್ತುಹೋದ. ಇನ್ನು ಅವನಿಗೆ ನೋವಾಗಲ್ಲ, ಹಸಿವಾಗಲ್ಲ, ಅವನು ವಾಪಸ್ ಬರಲ್ಲ" ಅಂತ ಸತ್ತ ಎನ್ನುವ ಪದವನ್ನೇ ಬಳಸಿ ಹೇಳಿ. ಹೂ ಹಾಕುವುದು, ಮಣ್ಣು ಹಾಕುವುದು, ಗಿಡಕ್ಕೆ ಹೆಸರಿಡುವುದು ಅವರ ಪಾಲಿಗೆ ಬಿಡಿ.

ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ಈ ಸಾವು ಇನ್ನೂ ಆಳಕ್ಕೆ ಹೋಗುತ್ತದೆ. ಅವರನ್ನು ಎಬ್ಬಿಸುತ್ತಿದ್ದುದು, ಹೊತ್ತಿಗೆ ಸರಿಯಾಗಿ ಒಲೆ ಹಚ್ಚಿಸುತ್ತಿದ್ದುದು, ದಿನಕ್ಕೆ ನಾಲ್ಕು ಮಾತು ಆಡಿಸುತ್ತಿದ್ದುದು ಆ ನಾಯಿಯೇ. ದೂರದಲ್ಲಿರುವ ಮಕ್ಕಳು ಹೊಸ ಮರಿ ಕೊಡಿಸಿ ಕರ್ತವ್ಯ ಮುಗಿಸಬೇಡಿ. "ನಾನು ಹೋದ ಮೇಲೆ ಇದರ ಗತಿ?" ಅನ್ನುವ ಚಿಂತೆ ಅವರಿಗೆ ಇದ್ದೇ ಇರುತ್ತದೆ. ನಾಯಿಗೆ ಅನ್ನ ಹಾಕುತ್ತಿದ್ದ ಹೊತ್ತಿಗೇ ಎರಡು ತಿಂಗಳು ದಿನವೂ ಫೋನ್ ಮಾಡಿ, "ಊಟ ಆಯ್ತಾ?" ಅಂತ ಕೇಳಿ. ಮುಂದೆ ಮನಸ್ಸಾದರೆ, ಊರಿಗೆ ಹೋಗುವವರ ನಾಯಿಯನ್ನು ವಾರ ಹತ್ತು ದಿನ ನೋಡಿಕೊಳ್ಳುವುದು ಅವರಿಗೆ ಹೊಂದುತ್ತದೆ.

ಇನ್ನು ನಮ್ಮನ್ನು ನಾವೇ ಹಿಂಸಿಸಿಕೊಳ್ಳುವ ಪ್ರಶ್ನೆಗಳು. ಮುಂಚೆಯೇ ತೋರಿಸಿದ್ದರೆ? ಇಂಜೆಕ್ಷನ್ನಿಗೆ ಒಪ್ಪದೆ ಇನ್ನೊಂದು ದಿನ ಕಾದಿದ್ದರೆ? ವಾರ ಹತ್ತು ದಿನ ಬಿಟ್ಟು ಪಶುವೈದ್ಯರ ಬಳಿ ಹತ್ತು ನಿಮಿಷ ಕೇಳಿಕೊಂಡು ಹೋಗಿ, ಈ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಕೇಳಿ. ಸಾವಿನ ದಿನ ಅವರು ಹೇಳಿದ್ದು ಯಾರ ಕಿವಿಗೂ ಬಿದ್ದಿರುವುದಿಲ್ಲ. ಕಿಡ್ನಿಯ ಕೆಲಸ ಸುಮಾರು ಮುಕ್ಕಾಲು ಪಾಲು ಕುಂದುವವರೆಗೂ ರಕ್ತದಲ್ಲಿ ಕ್ರಿಯೇಟಿನಿನ್ ಏರುವುದಿಲ್ಲ ಎನ್ನುವುದು ನನಗೆ ಗೊತ್ತಾದದ್ದು ಹಾಗೆ. ಅಲ್ಲಿಯವರೆಗೆ ನಾನು ಹಿಂದಿನ ಯುಗಾದಿಯಿಂದಲೇ ಗುರುತಿಸಬೇಕಿತ್ತು ಅಂತ ಕೊರಗುತ್ತಿದ್ದೆ. ದುಃಖಕ್ಕೆ ಐದು ಹಂತ, ನೀನು ಎರಡನೆಯದರಲ್ಲಿದ್ದೀಯ ಎನ್ನುವವರ ಮಾತನ್ನು ಪಕ್ಕಕ್ಕಿಡಿ. ಎಲಿಜಬೆತ್ ಕೂಬ್ಲರ್-ರಾಸ್ 1969ರ ಪುಸ್ತಕದಲ್ಲಿ ಆ ಹಂತಗಳನ್ನು ಬರೆದದ್ದು ತಾವೇ ಸಾವಿನ ಹತ್ತಿರವಿದ್ದ ರೋಗಿಗಳನ್ನು ಮಾತಾಡಿಸಿ, ಅಗಲಿಕೆಯಲ್ಲಿ ಉಳಿದವರನ್ನಲ್ಲ. ಆದರೆ ವಾರಗಳು ಕಳೆದರೂ ಊಟ ನಿದ್ದೆ ದಾರಿಗೆ ಬರದಿದ್ದರೆ, ಬದುಕೇ ಬೇಡವೆನ್ನಿಸಿದರೆ, ನಾಯಿಗಾಗಿ ಅಂತ ಸಂಕೋಚಪಡದೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೊಸದನ್ನು ಯಾವಾಗ ತರುವುದು ಅಂತ ಎಲ್ಲರೂ ಕೇಳುತ್ತಾರೆ. ತಿಂಗಳ ಲೆಕ್ಕ ಹೇಳಲಾಗುವುದಿಲ್ಲ. ನನಗೆ ಕಂಡ ಒಂದು ಪರೀಕ್ಷೆ ಇಷ್ಟು: ಬರುವ ಮರಿಗೆ ಹಳೆಯ ಹೆಸರನ್ನೇ ಇಡಬೇಕು ಅನ್ನಿಸುತ್ತಿದ್ದರೆ ಇನ್ನೂ ಹೊತ್ತಾಗಿಲ್ಲ. ಮನೆಯವರಲ್ಲಿ ಒಬ್ಬರು ಬೇಡವೆಂದರೂ ಕಾಯಿರಿ. ನಮ್ಮ ಮನೆಯಲ್ಲಿ ಅಮ್ಮ ಬೇಡ ಅನ್ನುತ್ತಾಳೆ, ಆದರೆ ಮೊನ್ನೆ ಮೂಲೆ ಮನೆಯ ಮರಿಗಳನ್ನು ನೋಡಿಬಂದು ಯಾವುದರ ಕಿವಿ ನೆಟ್ಟಗಿದೆ, ಯಾವುದರದು ಮಡಿಚಿದೆ ಅಂತ ಅರ್ಧ ಗಂಟೆ ವರದಿ ಒಪ್ಪಿಸಿದಳು.

ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸಲು ಪೇಂಟರನ್ನು ಕರೆಸಿದ್ದೆವು. ಅವನು ಅಡುಗೆಮನೆಯ ಬಾಗಿಲ ಬಳಿ ಉಪ್ಪುಕಾಗದ ಹಿಡಿದು ನಿಂತು, "ಮೇಡಂ, ಇದೇನು ಜಿಡ್ಡು?" ಅಂದ. ನಾನು ಉತ್ತರಕ್ಕೆ ತಡಕಾಡುತ್ತಿರುವಾಗ ಕುರ್ಚಿಯಿಂದ ಅಮ್ಮನೇ, "ನಾಯಿದಪ್ಪಾ. ಹೊಡೆದ್ಬಿಡು, ಗೋಡೆ ಗಲೀಜು ಕಾಣುತ್ತೆ" ಅಂದಳು. ಹೊಡೆದ. ಸಂಜೆ ಹೊತ್ತಿಗೆ ಬಣ್ಣ ಒಣಗುತ್ತಿದ್ದಂತೆ ಗೆರೆ ಒಳಗಿನಿಂದ ಮತ್ತೆ ಮೂಡಿತು. ಇನ್ನೊಂದು ಕೋಟು ಹೊಡೆದ, ಮತ್ತೆ ಮೂಡಿತು. "ಎಣ್ಣೆ ಜಿಡ್ಡಮ್ಮಾ, ಗೋಡೆಗೇ ಇಳಿದ್ಬಿಟ್ಟಿದೆ. ಇದಕ್ಕೆ ಬೇರೆ ಪ್ರೈಮರ್ ಬೇಕು, ನಾಳೆ ತರ್ತೀನಿ" ಅಂದು ಡಬ್ಬಿ ಮುಚ್ಚಿಕೊಂಡು ಹೋದ. ನಾಳೆ ಅಂದವನು ಇನ್ನೂ ಬಂದಿಲ್ಲ. ನಾವೂ ಫೋನ್ ಮಾಡಿಲ್ಲ.